ಆಡುತ್ತಿದ್ದ ಕಾಲು ನಿಂತಾಗ: ಹಸುಗೂಸುಗಳ ಮೂಳೆ ಮತ್ತು ಕೀಲಿನ ಸೋಂಕು

ಮಗು ಹುಟ್ಟಿದ ದಿನದಿಂದ 28 ದಿನಗಳವರೆಗಿನ ಅವಧಿಯನ್ನು ವೈದ್ಯಶಾಸ್ತ್ರವು ನವಜಾತಾವಸ್ಥೆ ಎಂದು ಕರೆಯುತ್ತದೆ. ಈ ಅವಧಿಯಲ್ಲಿ ಬ್ಯಾಕ್ಟೀರಿಯಾಗಳು, ಕೆಲವೊಮ್ಮೆ ಶಿಲೀಂಧ್ರಗಳು, ಮೂಳೆಯೊಳಗೆ ನೆಲೆಯೂರಿ ಕೀವು ಕಟ್ಟಿಸಿದರೆ ಅದು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆ ಮತ್ತು ಮೂಳೆಮಜ್ಜೆಯ ಸೋಂಕು. ಎರಡು ಮೂಳೆಗಳು ಕೂಡುವ ಕೀಲಿನ ಚೀಲದೊಳಗೆ ಕೀವು ತುಂಬಿಕೊಂಡರೆ ಅದು ಸೆಪ್ಟಿಕ್ ಆರ್ಥ್ರೈಟಿಸ್, ಅಂದರೆ ಕೀವುಗಟ್ಟಿದ ಕೀಲು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಇವೆರಡೂ ಹೆಚ್ಚಾಗಿ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ, ಹಸುಗೂಸಿನಲ್ಲಿ ಮಾತ್ರ ಒಂದು ಇನ್ನೊಂದನ್ನು ಎಳೆದುಕೊಂಡು ಬರುವುದೇ ಹೆಚ್ಚು. ಆಸ್ಪತ್ರೆಗೆ ದಾಖಲಾಗುವ ಪ್ರತಿ 1,000 ನವಜಾತ ಶಿಶುಗಳಲ್ಲಿ 1ರಿಂದ 7 ಶಿಶುಗಳಿಗೆ ಮೂಳೆಯ ಸೋಂಕು ತಗಲುತ್ತದೆಂಬ ಅಂದಾಜು ವೈದ್ಯಕೀಯ ಗ್ರಂಥಗಳಲ್ಲಿ ಸಿಗುತ್ತದೆ. ಕಾಯಿಲೆ ಅಪರೂಪದ್ದೇ ಆದರೂ ಅದಕ್ಕೆ ಎರಡು ಗುಣಗಳಿವೆ, ಆ ಎರಡು ಗುಣಗಳಿಂದಾಗಿಯೇ ಪ್ರತಿಯೊಂದು ಬಾಣಂತನದ ಮನೆಯೂ ಅದರ ಬಗ್ಗೆ ತಿಳಿದಿರಬೇಕಾಗುತ್ತದೆ: ಕೆಲವೇ ದಿನಗಳ ತಡದಿಂದ ಮಗುವಿನ ಕಾಲು ಜೀವಮಾನವಿಡೀ ಊನವಾಗಬಹುದು, ಮತ್ತು ಅದರ ಮೊದಲ ಸುಳಿವನ್ನು ಬಹುಪಾಲು ಸಂದರ್ಭಗಳಲ್ಲಿ ಕಾಣುವವರು ಮಗುವಿನ ಬಟ್ಟೆ ಬದಲಿಸುವ ತಾಯಿ ಅಥವಾ ನೀರು ಹಾಕುವ ಅಜ್ಜಿ.

ಹಸುಗೂಸಿನಲ್ಲಿ ಈ ಸೋಂಕು ಇಷ್ಟು ಬೇಗ ಹಾನಿ ಮಾಡುವುದೇಕೆಂಬುದಕ್ಕೆ ಉತ್ತರ ಮೂಳೆಯ ರಚನೆಯಲ್ಲಿದೆ. ತೊಡೆಮೂಳೆಯಂಥ ಉದ್ದನೆಯ ಮೂಳೆಯ ಎರಡೂ ತುದಿಗಳ ಸಮೀಪದಲ್ಲಿ ಮೃದ್ವಸ್ಥಿಯ, ಎಂದರೆ ಇನ್ನೂ ಗಟ್ಟಿಯಾಗದ ಮೆತ್ತನೆಯ ಮೂಳೆಯ, ಒಂದು ತೆಳುವಾದ ಪದರವಿರುತ್ತದೆ. ಮೂಳೆ ಉದ್ದಕ್ಕೆ ಬೆಳೆಯುವುದು ಈ ಪದರದಿಂದಲೇ ಆದ್ದರಿಂದ ಅದನ್ನು ಬೆಳವಣಿಗೆಯ ಫಲಕ ಎನ್ನುತ್ತಾರೆ. ಅದರ ಒಂದು ಬದಿಯಲ್ಲಿ ರಕ್ತನಾಳಗಳು ದಟ್ಟವಾಗಿರುವ, ರಕ್ತದ ಹರಿವು ನಿಧಾನವಾಗಿರುವ ಮೂಳೆಯ ಭಾಗವಿದ್ದು, ರಕ್ತದಲ್ಲಿ ತೇಲಿ ಬಂದ ಸೂಕ್ಷ್ಮಜೀವಿಗಳು ತಂಗುವುದು ಸಾಮಾನ್ಯವಾಗಿ ಅಲ್ಲಿಯೇ. ಇನ್ನೊಂದು ಬದಿಯಲ್ಲಿ ಕೀಲಿಗೆ ಮುಖಮಾಡಿರುವ ಮೂಳೆಯ ತುದಿ ಇರುತ್ತದೆ. ಎರಡು ವರ್ಷ ದಾಟಿದ ಮಗುವಿನಲ್ಲಿ ಈ ಫಲಕವು ಗೋಡೆಯಂತೆ ನಿಂತು ಸೋಂಕನ್ನು ಕೀಲಿನ ಕಡೆಗೆ ಹೋಗಗೊಡುವುದಿಲ್ಲ. ಹುಟ್ಟಿದಾಗಿನಿಂದ ಸುಮಾರು ಒಂದರಿಂದ ಒಂದೂವರೆ ವರ್ಷದವರೆಗೆ ಮಾತ್ರ ಸಣ್ಣ ರಕ್ತನಾಳಗಳು ಆ ಫಲಕವನ್ನು ತೂರಿಕೊಂಡು ಆಚೆಗೆ ಹೋಗುತ್ತಿರುತ್ತವೆ, ಆ ದಾರಿಯಲ್ಲೇ ಸೋಂಕೂ ದಾಟುತ್ತದೆ. ಸೊಂಟದ ಕೀಲು, ಭುಜದ ಕೀಲುಗಳಲ್ಲಿ ಮೂಳೆಯ ಆ ಭಾಗವೇ ಕೀಲಿನ ಚೀಲದೊಳಗೆ ಸೇರಿಕೊಂಡಿರುವುದರಿಂದ ಮೂಳೆಯಿಂದ ಒಸರಿದ ಕೀವು ನೇರವಾಗಿ ಕೀಲಿಗೇ ಇಳಿಯುತ್ತದೆ. ಇದರ ಮೇಲೆ ಹಸುಗೂಸಿನ ಮೂಳೆಯ ಹೊರಗೋಡೆ ತೆಳು, ಅದನ್ನು ಸುತ್ತಿರುವ ಪೊರೆಯೂ ಸಡಿಲ. ಕೀವು ಒಳಗೇ ಗೂಡು ಕಟ್ಟಿಕೊಂಡು ವರ್ಷಗಟ್ಟಲೆ ಸೋರುವ ಹಳೆಯ ಮೂಳೆರೋಗವಾಗುವುದು ಈ ವಯಸ್ಸಿನಲ್ಲಿ ಕಡಿಮೆ, ಬೇಗನೆ ಹೊರಬಿದ್ದು ಅಕ್ಕಪಕ್ಕಕ್ಕೆ ಹರಡುವುದು ಹೆಚ್ಚು.

ಕೀಲಿಗೆ ಇಳಿದ ಕೀವಿನಲ್ಲಿ ಸೂಕ್ಷ್ಮಜೀವಿಗಳೂ ಅವುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಬಿಡುಗಡೆ ಮಾಡುವ ಕಿಣ್ವಗಳು ಮೃದ್ವಸ್ಥಿಯನ್ನು ಕರಗಿಸತೊಡಗುತ್ತವೆ. ಸೊಂಟದ ಕೀಲಿನಲ್ಲಿ ಇನ್ನೂ ಒಂದು ಅಪಾಯವಿದೆ: ಚೀಲದೊಳಗಿನ ಒತ್ತಡ ಏರಿದಂತೆ ತೊಡೆಮೂಳೆಯ ತಲೆಗೆ ರಕ್ತ ಒದಗಿಸುವ ಸಣ್ಣ ನಾಳಗಳು ಅಮುಕಿಹೋಗಿ, ರಕ್ತವಿಲ್ಲದೆ ಆ ತಲೆಯೇ ಸಾಯಬಹುದು, ಅಥವಾ ಚೀಲ ತುಂಬಿ ಹಿಗ್ಗಿದಾಗ ಅದು ಕೀಲಿನಿಂದ ಜಾರಿ ಹೊರಬರಬಹುದು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಥಾಮಸ್ ಸ್ಮಿತ್ ಶಿಶುಗಳ ಈ ತೀವ್ರ ಕೀಲುರೋಗವನ್ನು 1874ರಲ್ಲೇ ವಿವರಿಸಿದ್ದನು, ಸೊಂಟದ ಕೀಲು ಹೀಗೆ ನಾಶವಾದ ಸ್ಥಿತಿಗೆ ಇಂದಿಗೂ ಅವನ ಹೆಸರಿನ ಬಳಕೆಯಿದೆ. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ, ಇಂದು ಇದೆ. ಆದರೂ ಮಗು ತಡವಾಗಿ ಬಂದರೆ ಕಾಣಸಿಗುವ ಕೀಲು ಬಹುಮಟ್ಟಿಗೆ ಅವನು ವಿವರಿಸಿದ ಕೀಲೇ.

ಸೂಕ್ಷ್ಮಜೀವಿ ಮೂಳೆಯನ್ನು ಮುಟ್ಟುವ ಮುಖ್ಯ ಮಾರ್ಗ ರಕ್ತ. ಹೊಕ್ಕುಳಿನ ಸೋಂಕು, ಚರ್ಮದ ಮೇಲಿನ ಕೀವುಗುಳ್ಳೆ, ರಕ್ತನಾಳದೊಳಗೆ ದಿನಗಟ್ಟಲೆ ಇರಿಸಿದ ನಳಿಕೆ ಇವುಗಳಿಂದ ಅದು ರಕ್ತವನ್ನು ಸೇರಬಹುದು; ರಕ್ತದ ಸಕ್ಕರೆ ನೋಡಲು ಹಿಮ್ಮಡಿಗೆ ಚುಚ್ಚಿದ ಸೂಜಿ ಆಳವಾಗಿ ಹೋಗಿ ಹಿಮ್ಮಡಿಯ ಮೂಳೆಗೆ ಸೋಂಕು ತಗಲಿಸಿದ ಉದಾಹರಣೆಗಳೂ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ, ತೀವ್ರ ನಿಗಾ ಘಟಕದಲ್ಲಿ ಹಲವು ದಿನ ಕಳೆದ ಶಿಶುಗಳಿಗೆ ಅಪಾಯ ಹೆಚ್ಚು, ಆದರೆ ಪೂರ್ಣ ತಿಂಗಳಿಗೆ ಹುಟ್ಟಿ ದುಂಡಗೆ ಮನೆಗೆ ಬಂದ ಮಗುವಿಗೂ ಇದು ಬರುತ್ತದೆ. ರೋಗಕಾರಕಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮೊದಲನೆಯದು. ಹೆರಿಗೆಯ ಸಮಯದಲ್ಲಿ ತಾಯಿಯಿಂದ ದಾಟುವ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್, ಭಾರತದ ನವಜಾತ ಶಿಶು ಘಟಕಗಳಲ್ಲಿ ಬಹಳವಾಗಿ ಕಾಡುವ ಕ್ಲೆಬ್ಸಿಯೆಲ್ಲಾ, ಇ. ಕೋಲೈ, ನಳಿಕೆಗಳ ನಡುವೆ ಬೆಳೆಯುವ ಪುಟ್ಟ ಶಿಶುಗಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಇವೂ ಕಾರಣವಾಗುತ್ತವೆ.

ಈ ಕಾಯಿಲೆಯ ಬಗ್ಗೆ ಮನೆಯವರು ನೆನಪಿಡಬೇಕಾದ ಸಂಗತಿಯೊಂದಿದ್ದರೆ ಅದು ಇದು: ನಿನ್ನೆ ಮೊನ್ನೆಯವರೆಗೆ ಆಡಿಸುತ್ತಿದ್ದ ಕೈಯನ್ನೋ ಕಾಲನ್ನೋ ಮಗು ಇಂದು ಆಡಿಸುತ್ತಿಲ್ಲ. ನರಗಳು ಸರಿಯಾಗಿದ್ದರೂ ನೋವಿನ ಭಯದಿಂದ ಮಗು ಅಂಗವನ್ನು ಅಲುಗಿಸದೆ ಬಿಡುವ ಈ ಸ್ಥಿತಿಗೆ ವೈದ್ಯರು ಹುಸಿ ಪಾರ್ಶ್ವವಾಯು ಎನ್ನುತ್ತಾರೆ. ಕನ್ನಡನಾಡಿನ ಮನೆಗಳಲ್ಲಿ ಇದನ್ನು ಕಂಡುಹಿಡಿಯಲು ಒಂದು ಒಳ್ಳೆಯ ಅವಕಾಶ ದಿನವೂ ಒದಗುತ್ತದೆ, ಅದು ಮಗುವಿನ ಎಣ್ಣೆನೀರಿನ ಹೊತ್ತು. ಹಿರಿಯ ಹೆಂಗಸು ಮಣೆಯ ಮೇಲೆ ಕಾಲು ನೀಡಿ ಕುಳಿತು, ಜೋಡಿಸಿದ ಎರಡು ಕಾಲುಗಳ ತಗ್ಗಿನಲ್ಲಿ ಮಗುವನ್ನು ಮಲಗಿಸಿ, ಎಣ್ಣೆ ಸವರುತ್ತಿರುವಾಗ ಆರೋಗ್ಯವಾಗಿರುವ ಮಗು ಎರಡೂ ಕಾಲುಗಳನ್ನು ಒಂದೇ ಬಿರುಸಿನಲ್ಲಿ ಝಾಡಿಸುತ್ತದೆ, ಬಿಸಿನೀರಿನ ಮೊದಲ ತಂಬಿಗೆ ಮೈಮೇಲೆ ಬಿದ್ದಾಗ ಬೆಚ್ಚಿ ಎರಡೂ ಕೈಗಳನ್ನು ಅಗಲಿಸಿ ಚಾಚುತ್ತದೆ. ಸೋಂಕು ತಗಲಿದ ಮಗುವಿನಲ್ಲಿ ಒಂದು ಕೈ ಮಾತ್ರ ಚಾಚುತ್ತದೆ, ಇನ್ನೊಂದು ಮೈಗೆ ಅಂಟಿಕೊಂಡೇ ಇರುತ್ತದೆ. ಅಥವಾ ಒಂದು ಕಾಲು ಒದೆಯುತ್ತದೆ, ಇನ್ನೊಂದು ಮಂಡಿ ಮಡಿಸಿ ಹೊರಕ್ಕೆ ವಾಲಿದಂತೆ ಸುಮ್ಮನೆ ಬಿದ್ದಿರುತ್ತದೆ. ಎತ್ತಿಕೊಂಡಾಗ ಸಮಾಧಾನವಾಗುವ ಬದಲು ಅಳು ಹೆಚ್ಚಾಗುವುದು, ಒದ್ದೆ ಬಟ್ಟೆ ಬದಲಿಸಲು ಕಾಲೆತ್ತಿದ ಕೂಡಲೇ ಚೀರುವುದು ಇವು ಅದೇ ನೋವಿನ ಇನ್ನೆರಡು ರೂಪಗಳು. ಮಂಡಿ, ಪಾದದ ಗಿಣ್ಣು ಇವುಗಳಲ್ಲಿ ಊತ, ಕೆಂಪು, ಬಿಸಿ ಕಣ್ಣಿಗೂ ಕೈಗೂ ಸಿಗುತ್ತವೆ. ಸೊಂಟದ ಕೀಲು ಮಾಂಸದ ಆಳದಲ್ಲಿರುವುದರಿಂದ ಅಲ್ಲಿ ಊತ ಕಾಣದೆ, ತೊಡೆಸಂದಿಯ ನೆರಿಗೆ ಒಂದು ಬದಿಯಲ್ಲಿ ಮುಚ್ಚಿಹೋಗಿರುವುದು, ಒಂದು ಪೃಷ್ಠ ಅಥವಾ ಜನನಾಂಗದ ಒಂದು ಬದಿ ಬಾತುಕೊಂಡಿರುವುದು ಮಾತ್ರ ಸುಳಿವಾಗಿ ಉಳಿಯಬಹುದು. ಆದ್ದರಿಂದ ನೋಡುವಾಗ ಎಡ ಬಲಗಳನ್ನು ಹೋಲಿಸಿಯೇ ನೋಡಬೇಕು.

ಜ್ವರವಿಲ್ಲವೆಂದು ಧೈರ್ಯ ತಂದುಕೊಳ್ಳುವಂತಿಲ್ಲ. ನವಜಾತ ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿಲ್ಲದ ಕಾರಣ ಮೂಳೆಯಲ್ಲಿ ಕೀವು ತುಂಬಿದ್ದರೂ ಮೈ ತಣ್ಣಗಿರಬಹುದು, ಹಾಲು ಕುಡಿಯುವುದೂ ಮೊದಮೊದಲು ಎಂದಿನಂತೆಯೇ ನಡೆಯಬಹುದು. ಜ್ವರ ಬರಲಿ ನೋಡೋಣವೆಂದು ಕಾಯುವ ಮನೆಗಳಲ್ಲಿ ಅಮೂಲ್ಯವಾದ ಎರಡು ಮೂರು ದಿನಗಳು ಹೀಗೆಯೇ ಕಳೆದುಹೋಗುತ್ತವೆ. ಇದಕ್ಕೆ ವಿರುದ್ಧವಾಗಿ ಸೋಂಕು ರಕ್ತವನ್ನೆಲ್ಲ ಆವರಿಸಿದ್ದರೆ ಹಾಲು ಬಿಡುವುದು, ಮಂಕಾಗುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಮೈ 37.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗುವುದು ಅಥವಾ 35.5ಕ್ಕಿಂತ ತಣ್ಣಗಾಗುವುದು ಕಾಣಿಸುತ್ತವೆ. ಇವುಗಳಲ್ಲಿ ಯಾವುದೊಂದಿದ್ದರೂ ಆ ಗಂಟೆಯಲ್ಲೇ ಹೊರಡಬೇಕು.

ಕೈಕಾಲು ಆಡದಿರುವುದಕ್ಕೆ ಮನೆಯವರು ಕೊಡುವ ಮೊದಲ ವಿವರಣೆ ಉಳುಕು. ಎತ್ತಿಕೊಳ್ಳುವಾಗ ತೋಳು ಉಳುಕಿದೆ, ನೀರು ಹಾಕುವಾಗ ಸೊಂಟ ಜಾರಿದೆ ಎಂದು ಭಾವಿಸಿ ಉಳುಕು ತೆಗೆಯುವವರ ಬಳಿಗೆ ಒಯ್ಯುವುದು, ಎಣ್ಣೆ ಕಾಯಿಸಿ ತಿಕ್ಕುವುದು, ಎಳೆದು ನೀವುವುದು ಹಳ್ಳಿಗಳಲ್ಲಿಯೂ ನಗರಗಳಲ್ಲಿಯೂ ನಡೆಯುತ್ತದೆ. ಇದರ ಹಿಂದೆ ಪ್ರೀತಿಯೇ ಇದೆ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಕೀವು ತುಂಬಿದ ಕೀಲನ್ನು ನೀವಿದರೆ ಮಗುವಿಗೆ ತಡೆಯಲಾರದ ನೋವಾಗುವುದಲ್ಲದೆ, ಸೋಂಕಿನಿಂದ ಸಡಿಲಗೊಂಡ ಮೂಳೆಯ ತುದಿ ಜರುಗಲೂಬಹುದು. ಇನ್ನೊಂದು ವಿವರಣೆ ಸೂಜಿಮದ್ದು. ಹುಟ್ಟಿದಾಗ ಹೆಪಟೈಟಿಸ್ ಬಿ ಲಸಿಕೆಯನ್ನು ತೊಡೆಗೂ ಬಿಸಿಜಿ ಲಸಿಕೆಯನ್ನು ಎಡತೋಳಿಗೂ ಹಾಕಿರುವುದರಿಂದ ಕಾಲು ಆಡಿಸದಿದ್ದರೆ ಅದು ಸೂಜಿಯ ನೋವೆಂದು ತೋರುವುದು ಸಹಜ. ಸೂಜಿಯ ನೋವಾದರೋ ಒಂದೆರಡು ದಿನಗಳಲ್ಲಿ ತಗ್ಗುತ್ತ ಹೋಗುತ್ತದೆ, ಸೋಂಕಿನ ನೋವು ಏರುತ್ತ ಹೋಗುತ್ತದೆ, ಮತ್ತು ಬಿಸಿಜಿ ಹಾಕಿದ ಜಾಗದಲ್ಲಿ ವಾರಗಳ ನಂತರ ಏಳುವ ಸಣ್ಣ ಗುಳ್ಳೆ ತೋಳಿನ ಆಟವನ್ನು ನಿಲ್ಲಿಸುವುದಿಲ್ಲ.

ವೈದ್ಯರೂ ತಪ್ಪುವ ಸಾಧ್ಯತೆಯಿರುವ ಒಂದು ಜಾಗವಿದೆ. ಕಷ್ಟದ ಹೆರಿಗೆಯಲ್ಲಿ ಕುತ್ತಿಗೆಯ ಬಳಿಯ ನರಗಳು ಹಿಗ್ಗಿ ತೋಳು ಸೋತುಹೋಗುವ ಅರ್ಬ್ ಪಾರ್ಶ್ವವಾಯುವಿನಲ್ಲಿಯೂ, ಕೊರಳೆಲುಬು ಮುರಿದಾಗಲೂ ಮಗು ಕೈ ಎತ್ತುವುದಿಲ್ಲ. ನರದ ಸೋಲು ಹುಟ್ಟಿದ ಗಳಿಗೆಯಿಂದಲೇ ಇರುತ್ತದೆ, ಮುಟ್ಟಿದರೆ ಹೆಚ್ಚಿನ ನೋವಿರುವುದಿಲ್ಲ. ಸೋಂಕಿನಲ್ಲಿ ತೋಳು ಕೆಲವು ದಿನ ಚೆನ್ನಾಗಿ ಆಡಿ ಆಮೇಲೆ ನಿಲ್ಲುತ್ತದೆ. ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಭುಜದ ಮೂಳೆಯನ್ನೇ ಹೆಚ್ಚಾಗಿ ಹಿಡಿಯುವುದರಿಂದ ಈ ಗೊಂದಲ ಮತ್ತಷ್ಟು ಬೆಳೆಯುತ್ತದೆ. ಜನ್ಮಜಾತ ಸಿಫಿಲಿಸ್‌ನಲ್ಲಿಯೂ ಇಂಥದೇ ಹುಸಿ ಪಾರ್ಶ್ವವಾಯು ಬರುವುದುಂಟು, ಅದಕ್ಕಾಗಿ ತಾಯಿಯ ರಕ್ತಪರೀಕ್ಷೆಯ ವರದಿಯನ್ನು ವೈದ್ಯರು ಕೇಳಬಹುದು. ಯಾವ ದಿನದವರೆಗೆ ಮಗು ಆ ಅಂಗವನ್ನು ಆಡಿಸುತ್ತಿತ್ತು ಎಂಬ ತಾಯಿಯ ಮಾತು ಇಲ್ಲಿ ಯಾವ ಯಂತ್ರವೂ ಕೊಡಲಾರದ ಸಾಕ್ಷ್ಯ. ಹಳೆಯ ಮೊಬೈಲ್ ವಿಡಿಯೋ ಒಂದರಲ್ಲಿ ಮಗು ಎರಡೂ ಕೈ ಆಡಿಸುತ್ತಿರುವುದು ಸಿಕ್ಕಿದರೆ ಅದನ್ನೂ ತೋರಿಸಬೇಕು.

ಸಂಶಯ ಬಂದ ಕೂಡಲೇ ಆ ಅಂಗವನ್ನು ತಿಕ್ಕದೆ, ಶಾಖ ಕೊಡದೆ, ಬರೆ ಹಾಕದೆ, ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಹನಿಗಳನ್ನು ಕುಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಅರೆಬರೆ ಔಷಧ ಸೋಂಕನ್ನು ಕೊಲ್ಲದೆ, ಪರೀಕ್ಷೆಯಲ್ಲಿ ಸೂಕ್ಷ್ಮಜೀವಿ ಸಿಗದಂತೆ ಮಾತ್ರ ಮಾಡಿಬಿಡುತ್ತದೆ. ಮಗುವಿಗೆ ಟೋಪಿ ಹಾಕಿ, ಮೈ ಬೆಚ್ಚಗಿರುವಂತೆ ಹೊದಿಸಿ, ನೋಯುವ ಅಂಗ ತಾನಾಗಿ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮೆತ್ತಗಿನ ಬಟ್ಟೆಯ ಆಸರೆ ಕೊಟ್ಟು ಹೊರಡಬೇಕು. ದಾರಿಯಲ್ಲಿ ಹಾಲು ಕುಡಿಸುವುದರ ಬಗ್ಗೆ ಮೊದಲೇ ಆಸ್ಪತ್ರೆಯನ್ನೋ 108 ಆಂಬುಲೆನ್ಸ್‌ನ ಸಿಬ್ಬಂದಿಯನ್ನೋ ಕೇಳುವುದು ಒಳ್ಳೆಯದು, ಏಕೆಂದರೆ ಅಂದೇ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಿ ಬರಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಬರಬೇಕೆಂಬ ನಿಯಮವಿದೆ. ಅವರೆದುರು ಮಗುವಿನ ಬಟ್ಟೆ ಬಿಚ್ಚಿ ಎರಡೂ ಕಾಲುಗಳನ್ನು ತೋರಿಸಿದರೆ ಜಿಲ್ಲಾ ಆಸ್ಪತ್ರೆಯ ವಿಶೇಷ ನವಜಾತ ಶಿಶು ಆರೈಕೆ ಘಟಕಕ್ಕೆ ಕಳುಹಿಸುವ ವ್ಯವಸ್ಥೆ ಸುಲಭವಾಗುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿನ ಚಿಕಿತ್ಸೆ, ಔಷಧ, ಪರೀಕ್ಷೆ, ಸಾಗಣೆ ಉಚಿತ. ಮಕ್ಕಳ ತಜ್ಞರ ಜೊತೆಗೆ ಮೂಳೆ ಶಸ್ತ್ರತಜ್ಞರೂ ಅಲ್ಟ್ರಾಸೌಂಡ್ ಸೌಲಭ್ಯವೂ ಇರುವ ಆಸ್ಪತ್ರೆ ಬೇಕಾಗುವುದರಿಂದ, ಸ್ಥಳೀಯವಾಗಿ ಅದಿಲ್ಲದಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕೇಂದ್ರಕ್ಕೋ ಕಳುಹಿಸುವಂತೆ ಕೇಳುವ ಹಕ್ಕು ಮನೆಯವರಿಗಿದೆ.

ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳುಹಿಸುತ್ತಾರೆ. ಅದರ ಜೊತೆಗೆ ಸಿ ರಿಯಾಕ್ಟಿವ್ ಪ್ರೋಟೀನ್ ಎಂಬ ಉರಿಯೂತದ ಸೂಚಕವನ್ನು ಅಳೆಯುತ್ತಾರೆ, ಅದನ್ನು ಒಂದು ದಿನ ಬಿಟ್ಟು ಮತ್ತೆ ಅಳೆದಾಗ ಸಿಗುವ ಏರಿಳಿತವೇ ಚಿಕಿತ್ಸೆಗೆ ದಾರಿ ತೋರುತ್ತದೆ. ಎಕ್ಸ್‌ರೇ ವಿಷಯದಲ್ಲಿ ಒಂದು ಎಚ್ಚರ ಬೇಕು. ಮೂಳೆಯಲ್ಲಿನ ಬದಲಾವಣೆ ಎಕ್ಸ್‌ರೇಯಲ್ಲಿ ಮೂಡಲು ಸುಮಾರು 7ರಿಂದ 10 ದಿನ ಬೇಕಾಗುತ್ತದೆ, ಮೇಲಾಗಿ ಹಸುಗೂಸಿನ ತೊಡೆಮೂಳೆಯ ತಲೆ ಪೂರ್ತಿ ಮೃದ್ವಸ್ಥಿಯಾಗಿದ್ದು ಅದರಲ್ಲಿ ಗಟ್ಟಿ ಮೂಳೆಯ ಚುಕ್ಕೆ ಮೂಡುವುದೇ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ. ಆದ್ದರಿಂದ ಎಕ್ಸ್‌ರೇ ಸರಿಯಿದೆ ಎಂಬ ಮಾತು ಸೋಂಕಿಲ್ಲ ಎಂಬ ಮಾತಾಗುವುದಿಲ್ಲ. ಅಲ್ಟ್ರಾಸೌಂಡ್ ಕೀಲಿನೊಳಗಿನ ದ್ರವವನ್ನೂ ಮೂಳೆಪೊರೆಯಡಿಯ ಕೀವನ್ನೂ ಮಗುವಿನ ಹಾಸಿಗೆಯ ಬಳಿಯಲ್ಲೇ ತೋರಿಸುತ್ತದೆ. ದ್ರವ ಕಂಡರೆ ಸೂಜಿಯಿಂದ ಅದನ್ನು ಹೀರಿ ಪರೀಕ್ಷಿಸುವುದೇ ಅಂತಿಮ ನಿರ್ಣಯ. ಹಸುಗೂಸುಗಳಲ್ಲಿ ಒಂದಕ್ಕಿಂತ ಹೆಚ್ಚು ಮೂಳೆ ಕೀಲುಗಳಿಗೆ ಸೋಂಕು ಹರಡಿರುವುದು ಸಾಮಾನ್ಯವಾದ್ದರಿಂದ ಉಳಿದ ಅಂಗಗಳನ್ನೂ ತಡವಿ ನೋಡುತ್ತಾರೆ, ಅಗತ್ಯವಿದ್ದಲ್ಲಿ ಎಂಆರ್‌ಐ ಮಾಡಿಸುತ್ತಾರೆ; ಮಿದುಳುಪೊರೆಗೂ ಸೋಂಕು ತಲುಪಿದೆಯೇ ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆಯುವುದನ್ನು ಸೂಚಿಸಿದರೆ ಹೆದರಿ ನಿರಾಕರಿಸಬಾರದು.

ಚಿಕಿತ್ಸೆಯಲ್ಲಿ ಎರಡು ಕೆಲಸಗಳು ಜೊತೆಜೊತೆಯಾಗಿ ನಡೆಯಬೇಕು. ಮಾದರಿಗಳನ್ನು ತೆಗೆದ ಕೂಡಲೇ, ವರದಿಗೆ ಕಾಯದೆ, ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಆರಂಭವಾಗುತ್ತದೆ. ಸ್ಟ್ಯಾಫಿಲೋಕಾಕಸ್ ಅನ್ನು ಎದುರಿಸುವ ಒಂದು ಔಷಧ, ಕ್ಲೆಬ್ಸಿಯೆಲ್ಲಾ ಮೊದಲಾದವನ್ನು ಎದುರಿಸುವ ಇನ್ನೊಂದು ಔಷಧ ಹೀಗೆ ಜೋಡಿಯಾಗಿ ಆರಂಭಿಸಿ, ಕಲ್ಚರ್ ವರದಿ ಬಂದ ಮೇಲೆ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಕೀಲಿನಲ್ಲಿ ಕೀವಿದ್ದರೆ ಅದನ್ನು ಹೊರತೆಗೆಯುವುದು ಎರಡನೆಯ ಕೆಲಸ. ಸೊಂಟದ ಕೀಲಾದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಚೀಲವನ್ನು ತೆರೆದು, ತೊಳೆದು, ಒತ್ತಡ ಇಳಿಸಬೇಕು, ಅದನ್ನು ನಾಳೆಗೆ ಬಿಡುವಂತಿಲ್ಲ. ಇಷ್ಟು ಎಳೆಯ ಮಗುವಿಗೆ ಆಪರೇಷನ್ ಬೇಡ, ಔಷಧದಲ್ಲೇ ವಾಸಿ ಮಾಡಿ ಎಂದು ಮನೆಯ ಹಿರಿಯರು ಕೇಳಿಕೊಳ್ಳುವುದು ಅರ್ಥವಾಗುವಂಥದ್ದೇ. ಆದರೆ ರಕ್ತದಲ್ಲಿ ಹರಿದು ಬರುವ ಔಷಧ ಸೂಕ್ಷ್ಮಜೀವಿಯನ್ನು ಕೊಂದೀತೇ ಹೊರತು, ಚೀಲದಲ್ಲಿ ಬಿಗಿದು ನಿಂತ ಕೀವಿನ ಒತ್ತಡವನ್ನು ಇಳಿಸದು. ಆಮೇಲೆ ಸೊಂಟ ಜಾರದಂತೆ ಕಾಲುಗಳನ್ನು ಮಡಿಸಿ ಅಗಲಿಸಿ ಹಿಡಿಯುವ ಪಾವ್ಲಿಕ್ ಪಟ್ಟಿಯನ್ನೋ ಪ್ಲಾಸ್ಟರನ್ನೋ ಕೆಲವು ವಾರ ಹಾಕುತ್ತಾರೆ.

ಔಷಧದ ಅವಧಿ ಸಾಮಾನ್ಯವಾಗಿ 4ರಿಂದ 6 ವಾರ. ಮೂರು ನಾಲ್ಕು ದಿನಗಳಲ್ಲೇ ಮಗು ಕಾಲಾಡಿಸತೊಡಗಬಹುದು, ಆಗ ಮನೆಗೆ ಹೋಗುವ ಆಸೆ ಬಲವಾಗುತ್ತದೆ. ಹೊರಗೆ ಊತ ಇಳಿದಿದ್ದರೂ ಮೂಳೆಯೊಳಗಿನ ಸೋಂಕು ಬೇಗ ಸಾಯುವುದಿಲ್ಲವಾದ್ದರಿಂದ ಮಧ್ಯದಲ್ಲಿ ಬಿಟ್ಟು ಹೋದರೆ ಅದು ಮತ್ತೆ ತಲೆಯೆತ್ತುತ್ತದೆ. ಇಷ್ಟು ದೀರ್ಘ ವಾಸದಲ್ಲಿ ಬಾಣಂತಿಯ ಊಟ, ನಿದ್ದೆ, ಆಸರೆಗೊಬ್ಬರು ಹೆಂಗಸು ಇವೂ ಚಿಕಿತ್ಸೆಯ ಭಾಗವೆಂದು ಮನೆಯವರು ತಿಳಿಯಬೇಕು, ಏಕೆಂದರೆ ಎದೆಹಾಲು ನಿಲ್ಲದಿರುವುದು ಮಗುವಿಗೆ ಔಷಧದಷ್ಟೇ ಮುಖ್ಯ. ಪಟ್ಟಿ ಕಟ್ಟಿದ ಮಗುವನ್ನು ಎತ್ತುವ, ಹಾಲೂಡಿಸುವ ರೀತಿಯನ್ನು ದಾದಿಯರಿಂದ ಕೈಯಾರೆ ಕಲಿಯಬೇಕು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧ ಕೊಟ್ಟಿದ್ದರೆ ಮನೆಗೆ ಹೋಗುವ ಮುನ್ನ ಮಗುವಿನ ಶ್ರವಣ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ತಡೆಯುವ ಬಗೆಯ ಬಗ್ಗೆ ಹೇಳಬೇಕಾದುದು ಹೆಚ್ಚೇನಿಲ್ಲ, ಇರುವುದೆಲ್ಲ ಹಳೆಯ ಮಾತೇ: ಮಗುವನ್ನು ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯುವುದು, ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ, ಸಗಣಿ ಯಾವುದನ್ನೂ ಹಚ್ಚದೆ ಒಣಗಲು ಬಿಡುವುದು, ಮೈಮೇಲೆ ಕೀವುಗುಳ್ಳೆ ಎದ್ದರೆ ಕೂಡಲೇ ವೈದ್ಯರಿಗೆ ತೋರಿಸುವುದು. ಆಸ್ಪತ್ರೆಯ ಮಟ್ಟಿಗೆ ಹೇಳುವುದಾದರೆ, ಹಿಮ್ಮಡಿಯ ರಕ್ತವನ್ನು ಅಂಗಾಲಿನ ಎರಡು ಪಕ್ಕಗಳಿಂದ ಮಾತ್ರ, ಮೇಲ್ಮೈಯಲ್ಲೇ ಚುಚ್ಚಿ ತೆಗೆಯಬೇಕು, ಹಿಮ್ಮಡಿಯ ಹಿಂಬದಿಯ ಬಾಗಿನಲ್ಲಿ ಚುಚ್ಚಬಾರದು. ಅಗತ್ಯ ತೀರಿದ ನಳಿಕೆಗಳನ್ನು ಆ ದಿನವೇ ತೆಗೆಯಬೇಕು.

ಸೋಂಕು ವಾಸಿಯಾಗಿ ಮನೆಗೆ ಬಂದಾಗ ಕಾಯಿಲೆ ಮುಗಿದಂತೆ ಕಂಡರೂ ಬೆಳವಣಿಗೆಯ ಫಲಕಕ್ಕೆ ಆದ ಪೆಟ್ಟು ಗೊತ್ತಾಗುವುದು ಮಗು ಬೆಳೆದಂತೆ. ತೊಡೆಮೂಳೆಯ ಉದ್ದದ ಸುಮಾರು ಶೇಕಡ 70ರಷ್ಟು ಬೆಳವಣಿಗೆ ಮಂಡಿಯ ಬಳಿಯ ಫಲಕದಿಂದ, ತೋಳುಮೂಳೆಯ ಸುಮಾರು ಶೇಕಡ 80ರಷ್ಟು ಬೆಳವಣಿಗೆ ಭುಜದ ಬಳಿಯ ಫಲಕದಿಂದ ಬರುವುದರಿಂದ, ಆ ಜಾಗಗಳಲ್ಲಿ ಸೋಂಕು ತಗಲಿದ್ದ ಮಗುವಿನ ಅಂಗ ವರ್ಷಗಳು ಕಳೆದಂತೆ ಗಿಡ್ಡವಾಗಬಹುದು, ಮಂಡಿ ಒಂದು ಬದಿಗೆ ಸೊಟ್ಟಗಾಗಬಹುದು. ಮಗು ನಡೆಯಲು ಕಲಿಯುವಾಗ ಕುಂಟುತ್ತಿದೆಯೇ, ನೇರ ನಿಲ್ಲಿಸಿದಾಗ ಎರಡು ಮಂಡಿಗಳು ಒಂದೇ ಎತ್ತರದಲ್ಲಿವೆಯೇ, ಒಂದು ಚಪ್ಪಲಿ ಬೇಗ ಸವೆಯುತ್ತಿದೆಯೇ ಎಂದು ಮನೆಯಲ್ಲಿ ನೋಡುತ್ತಿರಬೇಕು. ವ್ಯತ್ಯಾಸ ಬೇಗ ಸಿಕ್ಕಿದರೆ ಎತ್ತರದ ಅಟ್ಟೆಯ ಪಾದರಕ್ಷೆಯಿಂದ ಹಿಡಿದು ಮೂಳೆಯನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯವರೆಗೆ ದಾರಿಗಳಿವೆ. ಇದಕ್ಕಾಗಿ ಮೂಳೆತಜ್ಞರ ಭೇಟಿ ಮೂಳೆಗಳ ಬೆಳವಣಿಗೆ ಪೂರ್ತಿಯಾಗುವವರೆಗೆ, ಅಂದರೆ ಹದಿಹರೆಯ ಮುಗಿಯುವವರೆಗೆ ಮುಂದುವರಿಯಬೇಕು. ಆಸ್ಪತ್ರೆಯ ಬಿಡುಗಡೆ ಚೀಟಿ, ಕಲ್ಚರ್ ವರದಿ, ಮೊದಲ ಎಕ್ಸ್‌ರೇ ಫಿಲ್ಮು ಇವನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಒಂದು ಚೀಲದಲ್ಲಿ ಕಟ್ಟಿಟ್ಟರೆ, ಹತ್ತು ವರ್ಷಗಳ ನಂತರ ಮಗುವಿನ ಕಾಲನ್ನು ಅಳೆಯುವ ವೈದ್ಯರಿಗೆ ಮೊದಲ ಪ್ರಶ್ನೆಯ ಉತ್ತರ ಅದರಲ್ಲೇ ಸಿಗುತ್ತದೆ.